ಸುರಪುರದ ‘ಮಹಾದೇವ ಬಾಬಾ’

*ಸಂಬಳ ನಿಜಾಮನದು, ಹುಕುಂ ಕಂಪನಿಯದು, ಕೆಲಸ ಬೇಡ ನಾಯಕರ ಸಂಸ್ಥಾನದಲ್ಲಿ. ಹನ್ನೆರಡು ವರ್ಷ ಸುರಪುರದಲ್ಲಿ ಕೂತು ಊರಿನ ಲೆಕ್ಕ, ಕೆರೆ, ಕಲ್ಲುಗಳನ್ನು ಅಳೆದ ಅಧಿಕಾರಿಯೊಬ್ಬನ ನೆನಪು, ಟೇಲರ್ ಮಂಜಿಲ್ ನೆಪದಲ್ಲಿ.*

ಯಾದಗಿರಿಯಿಂದ ಶಹಾಪುರದ ಕಡೆ ಹೊರಟರೆ ಬಸ್ಸಿನ ಕಿಟಕಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಂಡೆಗಳು. ಶಹಾಪುರ ಸಮೀಪಿಸುತ್ತಿದ್ದಂತೆ ಅದೇ ಬಂಡೆಗಳು ಒಂದರ ಪಕ್ಕ ಒಂದು ಸೇರಿ ಅಂಗಾತ ಮಲಗಿದ ಮನುಷ್ಯನ ಆಕಾರ ತಾಳುತ್ತವೆ. ಜನ ಅದನ್ನು ಬುದ್ಧ ಮಲಗಿದ ಬೆಟ್ಟ ಎನ್ನುತ್ತಾರೆ. ಅಲ್ಲಿಂದ ಮುಂದೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆ, ಹತ್ತಿಯ ಹೊಲ. ಅವು ಮುಗಿಯುವ ಹೊತ್ತಿಗೆ ಮತ್ತೆ ಗುಡ್ಡ, ಗುಡ್ಡಗಳ ನಡುವೆ ಸುರಪುರ. ಬೇಡ ನಾಯಕರ ರಾಜಧಾನಿ, ವೇಣುಗೋಪಾಲಸ್ವಾಮಿಯ ಊರು, ಗರುಡಾದ್ರಿ ಮನೆತನದ ಚಿತ್ರಕಾರರ ಊರು.

ಈ ಊರಿನ ಗುಡ್ಡವೊಂದರ ಮೇಲೆ ಹಳೆಯ ಬಂಗಲೆಯೊಂದಿದೆ. ಹೆಸರು ಟೇಲರ್ ಮಂಜಿಲ್. ಅರಮನೆಯಷ್ಟು ದೊಡ್ಡದಲ್ಲ, ಕೋಟೆಯಷ್ಟು ಗಟ್ಟಿಯೂ ಅಲ್ಲ. ಸರ್ಕಾರಿ ಅತಿಥಿಗೃಹವಾಗಿ ಬಳಕೆಯಾದ ಕಟ್ಟಡ. ಆದರೆ ಸುರಪುರದವರು ಅದನ್ನು ತೋರಿಸುವಾಗ ದನಿಯಲ್ಲಿ ಒಂದು ಸಲಿಗೆ ಇರುತ್ತದೆ, ನಮ್ಮ ಪೈಕಿ ಯಾರದೋ ಮನೆ ಎಂಬಂತೆ. ಅದರಲ್ಲಿ ವಾಸವಿದ್ದವನ ಪೂರ್ತಿ ಹೆಸರು ಫಿಲಿಪ್ ಮೆಡೋಸ್ ಟೇಲರ್. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 1808ರಲ್ಲಿ ಹುಟ್ಟಿದವ. ಜನರ ಬಾಯಲ್ಲಿ ಮಾತ್ರ ಅವನು ಮಹಾದೇವ ಬಾಬಾ.

ಸರ್ಕಾರಿ ನೌಕರಿಯಲ್ಲಿರುವವರಿಗೆ ಒಂದು ಮಾತು ಗೊತ್ತು. ಯಾದಗಿರಿ ಕಡೆ ವರ್ಗವಾಯಿತೆಂದು ಹೇಳಿದರೆ ಎದುರಿಗಿದ್ದವರು ‘ಯಾರ ಕಣ್ಣಿಗೆ ಬಿದ್ದಿರಿ?’ ಎಂದು ಕೇಳುತ್ತಾರೆ. ಬಂದವರು ಪೆಟ್ಟಿಗೆ ಬಿಚ್ಚುವ ಮೊದಲೇ ವಾಪಸ್ ಹೋಗುವ ಅರ್ಜಿ ಬರೆಯುತ್ತಾರೆ. 1841ರಲ್ಲಿ ಟೇಲರ್‌ನನ್ನು ಸುರಪುರಕ್ಕೆ ಕಳಿಸಿದಾಗಲೂ ಅದು ಯಾರೂ ಬಯಸಿ ಪಡೆಯುವ ಜಾಗವಾಗಿರಲಿಲ್ಲ. ಅವನು ಬಂದ, ಕೂತ, ಹನ್ನೆರಡು ವರ್ಷ ಕದಲಲಿಲ್ಲ.

ಹದಿನೈದರ ಹುಡುಗ

ಟೇಲರ್ ಐಸಿಎಸ್ ಮಾದರಿಯ ಅಧಿಕಾರಿಯಲ್ಲ. ಯಾವ ಪರೀಕ್ಷೆಯನ್ನೂ ಪಾಸು ಮಾಡಿ ಬಂದವನಲ್ಲ, ಈಸ್ಟ್ ಇಂಡಿಯಾ ಕಂಪನಿಯ ಖಾಯಂ ನೌಕರನೂ ಅಲ್ಲ. ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ ಹಡಗು ಹತ್ತಿ ಬಂದ. ಅಲ್ಲಿ ನೆಲೆ ನಿಲ್ಲದೆ, ಅದೇ ವರ್ಷ ಹೈದರಾಬಾದ್ ನಿಜಾಮನ ಪಡೆಯಲ್ಲಿ ಸಣ್ಣ ಹುದ್ದೆ ಹಿಡಿದ. ಈ ಒಂದು ಸಂಗತಿ ಅವನ ಇಡೀ ಬದುಕನ್ನು ನಿರ್ಧರಿಸಿತು. ಕಂಪನಿಯ ಸಾಹೇಬರಿಗೆ ಸಿಗುತ್ತಿದ್ದ ಬಡ್ತಿ, ಪಿಂಚಣಿ, ಮರ್ಯಾದೆ ನಿಜಾಮನ ನೌಕರನಿಗೆ ಸಿಗುತ್ತಿರಲಿಲ್ಲ. ಬದಲಿಗೆ ಸಿಕ್ಕಿದ್ದು ದಖ್ಖನಿನ ಹಳ್ಳಿಗಳ ಒಡನಾಟ. ಇಪ್ಪತ್ತು ತುಂಬುವ ಮೊದಲೇ ತುಳಜಾಪುರದ ಸುತ್ತ ಪೊಲೀಸು ಕೆಲಸಕ್ಕೆ ಇಳಿದ. ಹಿಂದೂಸ್ತಾನಿಯನ್ನು ಮನೆಮಾತಿನವರ ಹಾಗೆ ಆಡಲು ಕಲಿತ, ಮರಾಠಿ ಕಲಿತ.

ಆ ಕೆಲಸದಲ್ಲಿದ್ದಾಗಲೇ ದಾರಿಯಲ್ಲಿ ಪ್ರಯಾಣಿಕರ ಕೊರಳಿಗೆ ವಸ್ತ್ರ ಬಿಗಿದು ಕೊಲ್ಲುವ ಠಕ್ಕರ ಸುಳಿವು ಅವನಿಗೆ ಹತ್ತಿತ್ತು. ತನಿಖೆ ನಡೆಸುತ್ತಿದ್ದಾಗ ಪಲ್ಟನಿಗೆ ಮರಳುವಂತೆ ಆದೇಶ ಬಂತು. ಆ ಜಾಲ ಭೇದಿಸಿದ ಕೀರ್ತಿ ಮುಂದೆ ಸ್ಲೀಮನ್ ಎಂಬ ಅಧಿಕಾರಿಗೆ ಹೋಯಿತು. ಟೇಲರ್ ತನಗೆ ತಿಳಿದಿದ್ದನ್ನು ಕಾದಂಬರಿ ಮಾಡಿದ. 1839ರಲ್ಲಿ ಲಂಡನ್ನಿನಲ್ಲಿ ಹೊರಬಂದ ‘ಕನ್‌ಫೆಶನ್ಸ್ ಆಫ್ ಎ ಥಗ್’ ಅವನನ್ನು ರಾತ್ರೋರಾತ್ರಿ ಹೆಸರುವಾಸಿ ಮಾಡಿತು. ಮರುವರ್ಷ ಟಿಪ್ಪು ಸುಲ್ತಾನನ ಬಗ್ಗೆ ಇನ್ನೊಂದು ಕಾದಂಬರಿ ಬಂತು.

ಅದಾದ ಮೇಲೆ ಅವನ ಮುಂದಿನ ಕಾದಂಬರಿ ‘ತಾರಾ’ ಬಂದದ್ದು 1863ರಲ್ಲಿ. ನಡುವಿನ ಇಪ್ಪತ್ತಮೂರು ವರ್ಷ ಅವನು ಕಾದಂಬರಿ ಪ್ರಕಟಿಸಲಿಲ್ಲ. ಆ ಮೌನದ ಅರ್ಧಕ್ಕೂ ಹೆಚ್ಚು ಭಾಗ ಸುರಪುರದ ದಫ್ತರಗಳಲ್ಲಿ ಕಳೆದುಹೋಗಿದೆ. ಆಗ ತಾನೇ ಮನೆಮಾತಾದ ಬರಹಗಾರನೊಬ್ಬ ಕಥೆ ಬಿಟ್ಟು ಕಂದಾಯದ ಕಡತ ಹಿಡಿದ. ಇದನ್ನು ತ್ಯಾಗ ಎನ್ನಬೇಕೋ, ಹೊಟ್ಟೆಪಾಡು ಎನ್ನಬೇಕೋ ಓದುಗರೇ ಹೇಳಲಿ. ಎರಡೂ ಇದ್ದಿರಬೇಕು.

ಬಾಕಿ ಬಿದ್ದ ಸಂಸ್ಥಾನ

ಸುರಪುರ ಸುಮ್ಮನೆ ತಲೆಬಾಗುವ ಸಂಸ್ಥಾನವಾಗಿರಲಿಲ್ಲ. ಔರಂಗಜೇಬ ತನ್ನ ಬದುಕಿನ ಕೊನೆಯ ಮುತ್ತಿಗೆ ಹಾಕಿದ್ದು 1705ರಲ್ಲಿ, ಇಲ್ಲಿನ ವಾಗಿನಗೇರಾ ಕೋಟೆಗೆ. ಕೋಟೆ ಹೋದರೂ ಬೇಡ ನಾಯಕರು ಹೋಗಲಿಲ್ಲ. ಆದರೆ 19ನೇ ಶತಮಾನಕ್ಕೆ ಬರುವಷ್ಟರಲ್ಲಿ ಬಂದೂಕು ಹಿಡಿದು ಗೆಲ್ಲಲಾಗದ ಶತ್ರುವೊಂದು ಒಳಗೆ ನುಸುಳಿತ್ತು. ಅದರ ಹೆಸರು ಸಾಲ. ಪಟ್ಟಕ್ಕೆ ಬರುವಾಗ ನಿಜಾಮನಿಗೆ ಕೊಡಬೇಕಾದ ನಜರಾಣೆ, ವರ್ಷ ವರ್ಷದ ಪೇಷ್ಕಷ್, ಅದನ್ನು ತೀರಿಸಲು ಸಾಹುಕಾರರಿಂದ ತಂದ ಹಣ, ಆ ಹಣಕ್ಕೆ ಬಡ್ಡಿ, ಬಡ್ಡಿಗಾಗಿ ಒತ್ತೆ ಬಿದ್ದ ಹಳ್ಳಿಗಳು. ಒತ್ತೆ ಹಿಡಿದವನು ಹಳ್ಳಿಯಿಂದ ಎಷ್ಟು ಹಿಂಡಬಹುದೋ ಅಷ್ಟು ಹಿಂಡುತ್ತಿದ್ದ. ರೈತ ಊರು ಬಿಟ್ಟರೆ ಹೊಲ ಬೀಳು, ಹೊಲ ಬೀಳು ಬಿದ್ದರೆ ಮುಂದಿನ ವರ್ಷದ ಕಂದಾಯ ಇನ್ನೂ ಕಡಿಮೆ.

1841ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪನಿಗೆ ಏಳರ ಆಸುಪಾಸಿನ ವಯಸ್ಸು. ರಾಣಿ ಈಶ್ವರಮ್ಮ ಆಳ್ವಿಕೆಯ ಹಗ್ಗ ತನ್ನ ಕೈಲಿರಬೇಕೆಂದಳು. ಗಂಡನ ತಮ್ಮ ಪಿಡ್ಡನಾಯಕನದು ಇನ್ನೊಂದು ಪಕ್ಷ. ಇಬ್ಬರ ಹಿಂದೆಯೂ ಬಂದೂಕು ಹಿಡಿದ ಬೇಡರ ಗುಂಪು. ಹೈದರಾಬಾದಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಜನರಲ್ ಫ್ರೇಸರ್ ಈ ಜಗಳ ಬಿಡಿಸಲು ಆರಿಸಿದ್ದು ಟೇಲರ್‌ನನ್ನು. ಮೊದಲು ದಂಡಿನ ಊರಾದ ಲಿಂಗಸುಗೂರಿನಲ್ಲಿದ್ದು ವ್ಯವಹಾರ ನಡೆಸಿದ ಟೇಲರ್, ಸಂಸ್ಥಾನದ ಆಡಳಿತ ತನ್ನ ಹೆಗಲಿಗೆ ಬಿದ್ದ ಮೇಲೆ ಸುರಪುರಕ್ಕೇ ಬಂದು ನೆಲೆಸಿದ. 1844ರಲ್ಲಿ ಹೆಂಡತಿ ಮೇರಿ ತೀರಿಕೊಂಡಳು. ಹೈದರಾಬಾದಿನ ಪ್ರಸಿದ್ಧ ಪಾಮರ್ ಮನೆತನದ ಹೆಣ್ಣುಮಗಳು ಆಕೆ. ಅಲ್ಲಿಂದ ಮುಂದೆ ಗುಡ್ಡದ ಬಂಗಲೆಯಲ್ಲಿ ಅವನು ಒಂಟಿ.

ಟೇಲರ್‌ಗೆ ಬಿದ್ದ ಪೊಲಿಟಿಕಲ್ ಏಜೆಂಟನ ಕೆಲಸ ಕೇಳಲು ದೊಡ್ಡದು, ಮಾಡಲು ಬಲು ಸಣ್ಣದು. ಯಾವ ಹಳ್ಳಿಯ ಬಾಕಿ ಎಷ್ಟು, ಯಾವ ಕುಲಕರ್ಣಿ ಯಾವ ಪುಟ ತಿದ್ದಿದ್ದಾನೆ, ಯಾವ ಸಾಹುಕಾರನ ಪತ್ರ ಖರೆ, ಯಾವುದು ಖೊಟ್ಟಿ ಎಂದು ದಿನವೂ ನೋಡಬೇಕು. ಟೇಲರ್ ಇದನ್ನೇ ಮಾಡಿದ. ಸಾಲದ ಪತ್ರಗಳನ್ನು ಒಂದೊಂದಾಗಿ ತೆಗೆಸಿ ತಾಳೆ ನೋಡಿಸಿದ. ಕಂದಾಯವನ್ನು ಬೆಳೆಗೆ ತಕ್ಕಂತೆ ಸರಿಪಡಿಸಲು ಹೊರಟ. ದಾರಿ ಮಾಡಿಸಿದ, ಬಾವಿ ಕೆರೆಗಳಿಗೆ ಕೈ ಹಾಕಿದ. ಒಂದು ಕಡೆ ರಾಣಿಯ ಮುನಿಸು, ಇನ್ನೊಂದು ಕಡೆ ಬಾಕಿಗಾಗಿ ಹೈದರಾಬಾದಿನ ತಗಾದೆ. 1853ರಲ್ಲಿ ವೆಂಕಟಪ್ಪ ನಾಯಕನಿಗೆ ಅಧಿಕಾರ ಒಪ್ಪಿಸಿ ಹೊರಟಾಗ ಸಂಸ್ಥಾನದ ಸಾಲದ ಗಂಟು ಬಿಚ್ಚಿತ್ತು.

ಇದೆಲ್ಲದರ ನಡುವೆ ಅವನು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಬಾತ್ಮಿದಾರನೂ ಆಗಿದ್ದ, 1840ರಿಂದ 1853ರವರೆಗೆ. ಸುರಪುರದ ಗುಡ್ಡದಿಂದ ಹೊರಟ ಕಾಗದ ಟಪಾಲು ಹರಿಕಾರರ ಕೈ ದಾಟಿ, ಸಮುದ್ರ ದಾಟಿ, ಇಂಗ್ಲೆಂಡಿನ ಓದುಗರ ಬೆಳಗಿನ ಚಹಾದ ಮೇಜಿಗೆ ಹೋಗುತ್ತಿತ್ತು. 

ಬೋನಾಳದ ಏರಿ

ಸುರಪುರದಿಂದ ಸ್ವಲ್ಪ ದೂರದಲ್ಲಿ ಬೋನಾಳ ಕೆರೆ ಇದೆ. 17ನೇ ಶತಮಾನದಲ್ಲಿ ರಾಜಾ ಪಾಮ ನಾಯಕ ಕಟ್ಟಿಸಿದ ಕೆರೆ, ಟೇಲರ್ ಕಾಲದಲ್ಲಿ ಅಭಿವೃದ್ಧಿಯಾಯಿತು. ಕೆರೆಯ ಕೆಲಸದಲ್ಲಿ ಹೆಸರು ಬರುವುದು ಕಟ್ಟಿಸಿದವನಿಗೆ. ರಿಪೇರಿ ಮಾಡಿಸಿದವನ ಹೆಸರು ಶಾಸನದಲ್ಲಿ ಇರುವುದಿಲ್ಲ. ಆದರೆ ಬಯಲುಸೀಮೆಯ ರೈತರಿಗೆ ಗೊತ್ತು, ಏರಿಯ ಮೇಲೆ ಜಾಲಿ ಬೆಳೆದು, ತೂಬು ಹೂಳು ತುಂಬಿ, ಕೋಡಿ ಕಿತ್ತುಹೋದರೆ ಅರಸ ಕಟ್ಟಿಸಿದ ಕೆರೆಯೂ ಒಂದೇ, ಹಳ್ಳವೂ ಒಂದೇ. ಹೂಳು ತೆಗೆಸುವುದು ಪುಣ್ಯದ ಕೆಲಸವೆಂದು ಹಳಬರು ಹೇಳುತ್ತಿದ್ದದ್ದು ಇದಕ್ಕೇ. ಟೇಲರ್‌ಗೆ ಜನ ಬಾಬಾ ಎಂದು ಹೆಸರಿಟ್ಟದ್ದರ ಹಿಂದೆ ಇಂಥ ಲೆಕ್ಕವೂ ಇದ್ದೀತು.

ಇಂದು ಬೋನಾಳ ಪಕ್ಷಿಧಾಮ. ರಂಗನತಿಟ್ಟಿನ ನಂತರ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮವೆಂದು ಹೆಸರು ಪಡೆದಿದೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಹೊತ್ತ ಹೆಬ್ಬಾತುಗಳು ಬಂದಿಳಿಯುತ್ತವೆ. ಕೆನ್ನೀಲಿ ಬಕ, ಬಿಳಿ ಕೆಂಬರಲು ಜೊಂಡಿನಲ್ಲಿ ಕಾಣಸಿಗುತ್ತವೆ. ನೀರನ್ನು ಹಿಡಿದು ನಿಲ್ಲಿಸಿದವರ ಹೆಸರು ಹಕ್ಕಿಗಳಿಗೆ ಬೇಕಿಲ್ಲ. ನೀರು ನಿಂತಿದೆಯಲ್ಲ, ಅವಕ್ಕೆ ಅಷ್ಟು ಸಾಕು.

ಮೋರೇರ ಮನಿಯ ಅಳತೆ

ಜಮಾಬಂದಿಗೆಂದು ಹಳ್ಳಿ ಸುತ್ತುವ ಅಧಿಕಾರಿ ದಾರಿಬದಿಯ ಕಲ್ಲನ್ನು ನೋಡುವುದಿಲ್ಲ. ನೋಡಿದರೂ ಗಡಿಕಲ್ಲೋ ಅಲ್ಲವೋ ಎಂದಷ್ಟೇ ನೋಡುತ್ತಾನೆ. ಟೇಲರ್ ಕುದುರೆ ಇಳಿದು ನೋಡಿದ.

ಈಗ ಹುಣಸಗಿ ತಾಲ್ಲೂಕಿಗೆ ಸೇರಿರುವ ರಾಜನಕೋಳೂರಿನಲ್ಲಿ ಬಂಡೆಯ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಮನೆಗಳಿವೆ. ಕೆಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ. ಊರವರು ಅವನ್ನು ಮೋರೇರ ಮನಿ ಎನ್ನುತ್ತಾರೆ. ಮೋರೇರು ಎಂದರೆ ಹಿಂದೊಂದು ಕಾಲದಲ್ಲಿ ಇಲ್ಲಿ ಬದುಕಿದ್ದ ಕುಳ್ಳ ಜನ, ಇವು ಅವರ ಮನೆ ಎಂಬುದು ನಂಬಿಕೆ. ಟೇಲರ್ ಈ ಹೆಸರನ್ನೂ ನಂಬಿಕೆಯನ್ನೂ ಬರೆದುಕೊಂಡ. ಅಷ್ಟಕ್ಕೇ ನಿಲ್ಲದೆ ಕಲ್ಲುಗಳ ಉದ್ದ, ಅಗಲ, ದಪ್ಪ ಅಳೆದ. ಜೇವರ್ಗಿಯ ಬಳಿ ಕಲ್ಲುಗುಪ್ಪೆಗಳನ್ನು ಅಗೆಸಿದ. ಅಗೆಯುತ್ತ ಹೋದಂತೆ ಮೇಲಿನ ಕಲ್ಲು, ಕೆಳಗಿನ ಮಣ್ಣು, ಅದರೊಳಗಿನ ಮೂಳೆ, ಮಡಕೆ ಯಾವ ಯಾವ ಮಟ್ಟದಲ್ಲಿ ಸಿಕ್ಕವು ಎಂಬುದನ್ನು ಗುಂಡಿಯ ಸೀಳುನೋಟವಾಗಿ ಚಿತ್ರ ಬರೆದಿಟ್ಟ.

ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಅವನಿಗೆ ಇನ್ನೂ ವಿಚಿತ್ರವಾದದ್ದು ಕಂಡಿತು. ಬಯಲಲ್ಲಿ ದೊಡ್ಡ ದೊಡ್ಡ ಗುಂಡುಗಳು ಸಾಲು ಸಾಲಾಗಿ, ಒಂದಕ್ಕೊಂದು ಸಮದೂರದಲ್ಲಿ, ಯಾರೋ ಚೌಕಾಬಾರದ ಮನೆ ಹಾಕಿದಂತೆ ಕೂತಿದ್ದವು. ತಾನಾಗಿ ಉರುಳಿದ ಬಂಡೆಗಳು ಹಾಗೆ ಸಾಲು ಹಿಡಿಯುವುದಿಲ್ಲ. ಅವನು ಅದನ್ನೂ ನಕ್ಷೆ ಮಾಡಿದ.

ಈ ಬರಹಗಳು 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದವು. 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯಲ್ಲಿ ಇನ್ನೂ ವಿಸ್ತಾರವಾಗಿ ಬಂದವು. ಇಷ್ಟು ಮಾಡಿದವನು ತೀರ್ಮಾನಕ್ಕೆ ಬರುವಾಗ ಎಡವಿದ. ಯುರೋಪಿನ ಕೆಲ್ಟಿಕ್ ಜನರ ಸಮಾಧಿಗಳಿಗೂ ಇವಕ್ಕೂ ಇರುವ ಹೋಲಿಕೆ ನೋಡಿ, ಕಟ್ಟಿದವರೂ ಅಲ್ಲಿಂದಲೇ ಬಂದಿರಬೇಕು, ಇಲ್ಲವೇ ಸಿಥಿಯನ್ನರಾಗಿರಬೇಕು ಎಂದು ಊಹಿಸಿದ. ಇವು ದಕ್ಷಿಣ ಭಾರತದ ಕಬ್ಬಿಣಯುಗದ ಸಂಸ್ಕೃತಿಗೆ ಸೇರಿದ ಬೃಹತ್ ಶಿಲಾ ಗೋರಿಗಳು ಎಂದು ಮುಂದಿನ ಸಂಶೋಧನೆ ತೋರಿಸಿತು.

ಊಹೆ ಬಿದ್ದುಹೋಯಿತು, ಅಳತೆ ಉಳಿಯಿತು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಪುರಾತತ್ವಜ್ಞ ಮಾರ್ಟಿಮರ್ ವೀಲರ್, ಟೇಲರ್ ಬರೆದ ಸೀಳುನೋಟದ ಚಿತ್ರಗಳನ್ನು ಅವುಗಳ ಕಾಲಕ್ಕಿಂತ ಬಹಳ ಮುಂದಿದ್ದವೆಂದು ಮೆಚ್ಚಿಕೊಂಡ. ಇತ್ತೀಚಿನ ವರ್ಷಗಳಲ್ಲಿ ವಿಭೂತಿಹಳ್ಳಿಯ ಸಾಲುಗಳಿಗೂ ಸೂರ್ಯ ಹುಟ್ಟಿ ಮುಳುಗುವ ದಿಕ್ಕಿಗೂ ನಂಟಿದೆಯೇ ಎಂದು ಹುಡುಕಲು ಬಂದ ವಿಜ್ಞಾನಿಗಳೂ ಟೇಲರ್‌ನ ಬರಹದಿಂದಲೇ ಶುರುಮಾಡಬೇಕಾಯಿತು. ಕಂದಾಯದ ಕಚೇರಿಯಲ್ಲಿ ಬೆಳೆದ ಅಭ್ಯಾಸ ಇದು: ಮೊದಲು ಅಳೆ, ಬರೆದಿಡು, ಅಭಿಪ್ರಾಯ ಆಮೇಲೆ.

ಅಪ್ಪಾ ಎಂದ ಹುಡುಗ

ಅಳತೆಗೆ ಸಿಗದ ಒಂದು ಜೀವ ಅದೇ ಊರಿನಲ್ಲಿ ಬೆಳೆಯುತ್ತಿತ್ತು. ಬಾಲಕ ವೆಂಕಟಪ್ಪ ನಾಯಕ ಟೇಲರ್‌ನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಅವನ ಓದು, ಬರಹ, ಒಡನಾಟ ಎಲ್ಲವೂ ಟೇಲರ್‌ನ ಕಣ್ಗಾವಲಿನಲ್ಲಿ ನಡೆಯಿತು. ಹುಡುಗ ಇಂಗ್ಲಿಷ್ ಕಲಿತ.

ಟೇಲರ್ ತನ್ನ ಆತ್ಮಕಥೆಯಲ್ಲಿ ಒಂದು ಸಂಗತಿ ಬರೆದಿದ್ದಾನೆ. ಒಮ್ಮೆ ರಾಣಿ ಈಶ್ವರಮ್ಮ ಅವನನ್ನು ಕರೆಸಿದಳು. ಮಗನ ಜಾತಕ ತೆಗೆಸಿದಳು. ಇಪ್ಪತ್ತನಾಲ್ಕನೇ ವರ್ಷದಲ್ಲಿ ಅವನ ಆಯುಷ್ಯ ಮುಗಿಯುತ್ತದೆ ಎಂದು ಅದರಲ್ಲಿ ಬರೆದಿತ್ತು. ಈ ಗುಟ್ಟು ರಾಣಿಗೆ, ಮನೆತನದ ಪುರೋಹಿತರಿಗೆ ಮತ್ತು ಅಂದಿನಿಂದ ಟೇಲರ್‌ಗೆ ಮಾತ್ರ ಗೊತ್ತಿತ್ತು. ತನ್ನ ಅಧಿಕಾರ ಕಿತ್ತುಕೊಂಡವನ ಮುಂದೆಯೇ ತಾಯಿಯೊಬ್ಬಳು ಮಗನ ಜಾತಕ ಬಿಚ್ಚಿದ್ದು ಯಾಕೆ ಎಂದು ಯೋಚಿಸಿದರೆ, ಆ ಊರಿನಲ್ಲಿ ಟೇಲರ್ ಗಳಿಸಿದ್ದ ಸ್ಥಾನ ಅರ್ಥವಾಗುತ್ತದೆ.

1853ರಲ್ಲಿ ಅಧಿಕಾರ ರಾಜನ ಕೈಗೆ ಬಂತು. ಟೇಲರ್‌ನನ್ನು ನಳದುರ್ಗಕ್ಕೆ, ಅಲ್ಲಿಂದ 1857ರ ದಂಗೆಯ ಹೊತ್ತಿಗೆ ಬೇರಾರಿನ ಬುಲ್ಡಾಣಕ್ಕೆ ಕಳಿಸಲಾಯಿತು. ಸೈನ್ಯದ ಬೆಂಬಲವಿಲ್ಲದೆ ಆ ಸೀಮೆಯನ್ನು ಶಾಂತವಾಗಿಟ್ಟವನು ಅವನು. ಇತ್ತ ಸುರಪುರ ಮತ್ತೆ ಸಾಲಕ್ಕೆ ಬಿದ್ದಿತು. ರಾಜ ಅರಬರನ್ನು, ರೋಹಿಲಾಗಳನ್ನು ಪಡೆಗೆ ಸೇರಿಸಿಕೊಂಡ. ಉತ್ತರದಿಂದ ದಂಗೆಯ ದೂತರು ಬಂದರು. ರೆಸಿಡೆಂಟ್ ಕಳಿಸಿದ ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್‌ನ ಬುದ್ಧಿಮಾತು ಹಿಡಿಸಲಿಲ್ಲ. 1858ರ ಫೆಬ್ರುವರಿ 7ರ ರಾತ್ರಿ ಊರ ಹೊರಗಿನ ಬ್ರಿಟಿಷ್ ಬಿಡಾರದ ಮೇಲೆ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಲೆಫ್ಟಿನೆಂಟ್ ಸ್ಟುವರ್ಟ್ ಗಾಯಗೊಂಡು ಅಸುನೀಗಿದ. ಇನ್ನಷ್ಟು ದಂಡು ಬರುತ್ತಿದೆ ಎಂದು ತಿಳಿದ ರಾಜ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೊರಟ. ಅಲ್ಲಿ ದಿವಾನ ಸಾಲಾರ್ ಜಂಗನ ಜನ ಅವನನ್ನು ಹಿಡಿದು ಬ್ರಿಟಿಷರಿಗೆ ಒಪ್ಪಿಸಿದರು.

ಸುರಪುರದ ಆಡಳಿತ ವಹಿಸಲು ಮತ್ತೆ ಟೇಲರ್‌ಗೇ ಕರೆ ಬಂತು. ಹೈದರಾಬಾದಿನಲ್ಲಿ ಅವನು ಸೆರೆಯಲ್ಲಿದ್ದ ರಾಜನನ್ನು ಕಂಡ. ರಾಜ ಓಡಿ ಬಂದು ತಬ್ಬಿಕೊಂಡ. ಪ್ರಚೋದಿಸಿದವರ ಹೆಸರು ಹೇಳಿದರೆ ಜೀವ ಉಳಿದೀತು ಎಂಬ ಸೂಚನೆ ಅವನ ಮುಂದಿತ್ತು. ಹೇಡಿಯಾಗಿ ಬದುಕುವ ಆಸೆ ಇಲ್ಲ ಎಂದ. ಕಳ್ಳನ ಹಾಗೆ ನೇಣು ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು ಕೇಳಿಕೊಂಡ. ವಿಚಾರಣೆಯಲ್ಲಿ ಮರಣದಂಡನೆ ಆಯಿತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ, ಗವರ್ನರ್ ಜನರಲ್ ಇನ್ನೂ ಇಳಿಸಿ ಮದರಾಸಿನ ಕಡೆಯ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆ ಎಂದ. ಕರೆದೊಯ್ಯುವ ದಾರಿಯಲ್ಲಿ, ಹೈದರಾಬಾದಿನ ಹೊರವಲಯದ ಅಂಬರಪೇಟೆಯ ಬಿಡಾರದಲ್ಲಿ, ಕಾವಲಿಗಿದ್ದ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿತು. ರಾಜ ತನ್ನನ್ನೇ ಕೊಂದುಕೊಂಡ ಎಂಬುದು ದಾಖಲೆ. ಆಗ ಅವನಿಗೆ ಇಪ್ಪತ್ತನಾಲ್ಕನೇ ವರ್ಷ ನಡೆಯುತ್ತಿತ್ತು. ಸುರಪುರಕ್ಕೆ ಬಂದ ಟೇಲರ್‌ನನ್ನು ಆ ಹಳೆಯ ಪುರೋಹಿತ ಕಂಡು, ಜಾತಕ ಸುಳ್ಳಾಯಿತೇ ಎಂದು ಕೇಳಿದನಂತೆ.

ಇಲ್ಲಿ ಒಂದು ಎಚ್ಚರ ಬೇಕು. ರಾಜನ ಈ ಮಾತುಗಳು, ಆ ಅಪ್ಪುಗೆ, ಜಾತಕದ ಗುಟ್ಟು ಎಲ್ಲವೂ ನಮಗೆ ತಲುಪಿರುವುದು ಟೇಲರ್‌ನ ಬರಹದ ಮೂಲಕ. ದಂಗೆ ಎದ್ದವನ ಒಡಲ ಮಾತು ದಂಗೆ ಅಡಗಿಸಿದವರ ಪಕ್ಷದವನ ಪೆನ್ನಿನಲ್ಲಿ ಮೂಡಿದೆ. ಸಂಸ್ಥಾನವನ್ನು ಸಾಲಕ್ಕೆ ತಳ್ಳಿದ ನಜರಾಣೆಯ ವ್ಯವಸ್ಥೆಗೆ ಬೆಂಗಾವಲಾಗಿ ನಿಂತದ್ದೂ, ಸಾಲ ತೀರಿಸಲು ಟೇಲರ್‌ನನ್ನು ಕಳಿಸಿದ್ದೂ ಒಂದೇ ಕಂಪನಿಯ ಅಧಿಕಾರ. ಟೇಲರ್ ಒಳ್ಳೆಯವನೆಂದ ಮಾತ್ರಕ್ಕೆ ಅವನನ್ನು ಕಳಿಸಿದ ಆಳ್ವಿಕೆ ಒಳ್ಳೆಯದಾಗುವುದಿಲ್ಲ. ಸುರಪುರ ಸಂಸ್ಥಾನದ ಇತಿಹಾಸ ಬರೆದ ಕಪಟರಾಳ ಕೃಷ್ಣರಾಯರಂಥ ವಿದ್ವಾಂಸರ ಶ್ರಮ ಬೆಲೆಬಾಳುವುದು ಇದಕ್ಕೇ. ಟೇಲರ್‌ನನ್ನು ಓದಿದವರು ಅವರನ್ನೂ ಓದಬೇಕು.

ಸುರಪುರದ ಜನ ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಅವರಿಗೆ ನಾಲ್ವಡಿ ರಾಜಾ ವೆಂಕಟಪ್ಪ ನಾಯಕ ಸ್ವಾತಂತ್ರ್ಯದ ಹೋರಾಟಗಾರ. ಅದರಲ್ಲಿ ಚೌಕಾಸಿ ಇಲ್ಲ. ಅದೇ ಬಾಯಲ್ಲಿ ಟೇಲರ್ ಮಹಾದೇವ ಬಾಬಾ. ಒಬ್ಬನನ್ನು ಮೆಚ್ಚಲು ಇನ್ನೊಬ್ಬನನ್ನು ಜರೆಯಬೇಕೆಂದು ಅವರಿಗೆ ಅನ್ನಿಸಿಲ್ಲ. ಆಳುವವರನ್ನು ಒಂದು ತಕ್ಕಡಿಯಲ್ಲಿ, ತಮ್ಮ ನಡುವೆ ಕೂತು ಕೆಲಸ ಮಾಡಿದವನನ್ನು ಇನ್ನೊಂದು ತಕ್ಕಡಿಯಲ್ಲಿ ತೂಗಿದ್ದಾರೆ.

ಮರಳಿ ಬಾರದ ಪಯಣ

ರಾಜನ ಸಾವಿನ ನಂತರ ಟೇಲರ್ ಎರಡು ವರ್ಷ ಸುರಪುರವನ್ನು ನೋಡಿಕೊಂಡ. ಮೈ ಸೋತಿತ್ತು. 1860ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದವನು ನೌಕರಿಗೆ ಮರಳಲಿಲ್ಲ. ಅದೇ ವರ್ಷದ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಇನಾಮಾಗಿ ಕೊಟ್ಟುಬಿಟ್ಟರು. ಬೇಡ ನಾಯಕರ ಸಂಸ್ಥಾನದ ಕಥೆ ಅಲ್ಲಿಗೆ ಮುಗಿಯಿತು.

ಊರಿಗೆ ಹೋದ ಮೇಲೆ ಟೇಲರ್ ಮತ್ತೆ ಕಥೆಗಾರನಾದ. ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಎಂಬ ಮೂರು ಕಾದಂಬರಿಗಳು 1657, 1757, 1857 ಎಂಬ ಮೂರು ಘಟ್ಟಗಳ ಭಾರತವನ್ನು ಹೇಳುತ್ತವೆ. 1872ರ ‘ಸೀತಾ’ದಲ್ಲಿ ಇಂಗ್ಲಿಷ್ ಅಧಿಕಾರಿ ಹಿಂದೂ ವಿಧವೆಯೊಬ್ಬಳನ್ನು ಮದುವೆಯಾಗುತ್ತಾನೆ. ದಂಗೆಯ ಕಹಿ ಆರದ ಕಾಲದಲ್ಲಿ ಇದು ಎದೆಗಾರಿಕೆಯ ಕಥೆ. ಬಿಜಾಪುರ, ಧಾರವಾಡ, ಮೈಸೂರು ಸೀಮೆಗಳ ಕಟ್ಟಡಗಳ ಛಾಯಾಚಿತ್ರ ಸಂಪುಟಗಳು 1866ರಲ್ಲಿ ಬಂದಾಗ ಅವಕ್ಕೆ ಇತಿಹಾಸದ ಟಿಪ್ಪಣಿ ಬರೆದವನೂ ಇವನೇ. ಚಾಂದಬೀಬಿಯನ್ನು ಕುರಿತ ಕೊನೆಯ ಕಾದಂಬರಿ ‘ಎ ನೋಬಲ್ ಕ್ವೀನ್’ನಲ್ಲಿ ಕೃಷ್ಣಾತೀರದ ಬೇಡ ನಾಯಕನೊಬ್ಬ ಮುಖ್ಯ ಪಾತ್ರ. ಸುರಪುರ ಅವನನ್ನು ಬಿಟ್ಟಿರಲಿಲ್ಲ.

ಸಾಲಾರ್ ಜಂಗನ ಕರೆಯ ಮೇರೆಗೆ 1875ರಲ್ಲಿ ಕೊನೆಯ ಸಲ ಭಾರತಕ್ಕೆ ಬಂದ. ಕಾಯಿಲೆ ಬಿದ್ದು ಹಿಂದಿರುಗುವಾಗ, 1876ರ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಆತ್ಮಕಥೆಯನ್ನು ಮಗಳು ಆಲಿಸ್ ಸಿದ್ಧಪಡಿಸಿ ಮರುವರ್ಷ ಪ್ರಕಟಿಸಿದಳು. ಅದರ ದೊಡ್ಡ ಪಾಲು ಸುರಪುರದ ಕಥೆ.

ಹೋಗುವವರಿಗೆ ಒಂದು ಮಾತು

2009ರ ಡಿಸೆಂಬರ್ 30ರಂದು ಯಾದಗಿರಿ ರಾಜ್ಯದ ಮೂವತ್ತನೇ ಜಿಲ್ಲೆಯಾಯಿತು. ಆಗ ಅದಕ್ಕೆ ಸೇರಿದ್ದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕು. ಟೇಲರ್ ಕುದುರೆಯ ಮೇಲೆ ಸುತ್ತಿದ ಸೀಮೆಯ ಬಹುಭಾಗ ಈಗ ಒಬ್ಬ ಜಿಲ್ಲಾಧಿಕಾರಿಯ ಜೀಪಿಗೆ ಒಂದೆರಡು ದಿನದ ದಾರಿ. ದಾರಿ ಕಿರಿದಾಗಿದೆ. ಅಧಿಕಾರಿಗಳು ನಿಲ್ಲುವ ಕಾಲ ಇನ್ನೂ ಕಿರಿದಾಗಿದೆ.

ಸುರಪುರಕ್ಕೆ ಹೋದವರು ಸಾಮಾನ್ಯವಾಗಿ ಮಂಜಿಲ್ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಷ್ಟಕ್ಕೆ ನಿಲ್ಲಿಸಬೇಡಿ. ಡಿಸೆಂಬರ್, ಜನವರಿಯಲ್ಲಾದರೆ ಬೆಳಕು ಹರಿಯುವ ಹೊತ್ತಿಗೆ ಬೋನಾಳದ ಏರಿ ಹತ್ತಿ. ರಾಜನಕೋಳೂರಿನ ಮೋರೇರ ಮನಿ ನೋಡಿ. ಮರಳುವಾಗ ಶಹಾಪುರದ ವಿಭೂತಿಹಳ್ಳಿಯಲ್ಲಿ ಇಳಿದು ಕಲ್ಲಿನ ಸಾಲುಗಳ ನಡುವೆ ನಡೆಯಿರಿ. ಪಾಯಕ್ಕೋ ಬದುವಿಗೋ ಒಂದು ಕಲ್ಲು ಉರುಳಿಸಿದರೂ ಆ ಸಾಲು ಕೆಟ್ಟಿತು. ಮೂರು ಸಾವಿರ ವರ್ಷದ ಹಿಂದಿನವರು ಇಟ್ಟ ಲೆಕ್ಕ ಅದು. ನೂರೆಪ್ಪತ್ತು ವರ್ಷದ ಹಿಂದೆ ಒಬ್ಬ ನೌಕರ ಅದನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿಟ್ಟ. ನಕಲು ಪುಸ್ತಕದಲ್ಲಿ ಭದ್ರವಾಗಿದೆ. ಅಸಲನ್ನು ಕಾಯುವ ಕೆಲಸ ನಮಗೆ ಬಿಟ್ಟದ್ದು.